ಸವಕಳಿಯ ಜಗಳವನ್ನು ಒಂದೇ ಸಾಲಿಗೆ ಇಳಿಸಿದ ಮಹನೀಯರಿಗೆ

‘ಹರಟೆ ಕಿಟಕಿ’ ಜಾಲತಾಣವನ್ನು ನಡೆಸುವ ಮಾನ್ಯ ಸ್ವಯಂಸೇವಕ ಮಹನೀಯರೇ,

ಸಿರುಗುಪ್ಪದ ಗಾದಿ ಅಂಗಡಿಯೊಂದರ ಹಿಂದಿನ ಕೋಣೆಯಿಂದ, ಒಂದು ಕೈಯಲ್ಲಿ ಕೂಸನ್ನೂ ಇನ್ನೊಂದು ಕೈಯಲ್ಲಿ ಫೋನನ್ನೂ ಹಿಡಿದು, ಸಲಾಮು ಮಾಡಲು ಮೂರನೆಯ ಕೈ ಇಲ್ಲದ ಕಾರಣ ತಲೆಯನ್ನಷ್ಟೇ ಬಾಗಿಸುತ್ತಿರುವ ಶಬಾನಾ, ಬಿ.ಕಾಂ., ತಮ್ಮೆಲ್ಲರ ಕ್ಷೇಮ ಕೋರುತ್ತಾಳೆ. ತಾವು ಆರೋಗ್ಯವಾಗಿದ್ದೀರೆಂದೂ, ಮುಖ್ಯವಾಗಿ ಕಣ್ತುಂಬ ನಿದ್ದೆ ಮಾಡುತ್ತಿದ್ದೀರೆಂದೂ ನಂಬಿದ್ದೇನೆ. ನಿದ್ದೆ ಮಾಡುವವರಿಗಲ್ಲದೆ ಇಂಥ ಸುಧಾರಣೆಗಳು ಹೊಳೆಯುವುದಿಲ್ಲ.

ಮೊದಲು ತಮ್ಮ ಉಪಕಾರವನ್ನು ನೆನೆಯಬೇಕು. ಷೇರು ಕೊಳ್ಳುವವರೂ, ಕೊಂಡು ಕೈಸುಟ್ಟುಕೊಂಡವರೂ, ಕೊಳ್ಳದೆಯೇ ಬುದ್ಧಿ ಹೇಳುವವರೂ ಸೇರಿ ವಾದ ಮಾಡುವ ‘ಹೂಡಿಕೆ ಹರಟೆ’ ಎಂಬ ವೇದಿಕೆ ಇದೆಯಲ್ಲ, ಅದನ್ನು ನೇರವಾಗಿ ಓದಲು ಹೋದರೆ ಮೊದಲು ಹೆಸರು ಕೊಡಬೇಕು, ಆಮೇಲೆ ನಂಬರು ಕೊಡಬೇಕು, ಒಬ್ಬರ ಮಾತು ಮುಗಿದು ಇನ್ನೊಬ್ಬರ ಮಾತಿಗೆ ದಾಟುವಷ್ಟರಲ್ಲಿ ಜಾಹೀರಾತಿನವಳು ಯಾವಳೋ ಒಬ್ಬಳು ನಡುವೆ ಬಂದು ನಿಮಿಷದಲ್ಲಿ ಸಾಲ ಕೊಡುತ್ತೇನೆಂದು ಕಿರುಚುತ್ತಾಳೆ. ತಾವು ಯಾರಿಂದಲೂ ಬಿಡಿಗಾಸು ಪಡೆಯದೆ, ಆ ಹರಟೆಯನ್ನೆಲ್ಲ ಒಂದೇ ಉದ್ದ ಪುಟದಲ್ಲಿ, ಕಪ್ಪು ಹಿನ್ನೆಲೆಯ ಮೇಲೆ ದಪ್ಪ ಅಕ್ಷರದಲ್ಲಿ, ಸದ್ದುಗದ್ದಲವಿಲ್ಲದೆ ಜೋಡಿಸಿಟ್ಟಿರಿ. ಸಿಗ್ನಲ್ಲು ಬಂದೂ ಬಾರದಂತಿರುವ ಕುರುಗೋಡಿನ ನಮ್ಮ ತವರುಮನೆಯ ಒಳಕೋಣೆಯಲ್ಲಿಯೂ ಅದು ತೆರೆಯುತ್ತಿತ್ತು. ಬಾಣಂತಿಯ ತಲೆಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿ ತುರುಕಿ, ಲೋಕದ ಗಾಳಿಯೇ ಸೋಕದಂತೆ ಕೂರಿಸಿದ್ದ ಕಾಲದಲ್ಲಿ ನನಗಿದ್ದ ಕಿಟಕಿ ತಮ್ಮದೊಂದೇ.

ನನ್ನ ಮಗಳು ಹುಟ್ಟಿದಾಗಿನಿಂದ ಮಲಗುವುದೆಂದರೆ ಮನೆತನಕ್ಕೆ ಅವಮಾನವೆಂದು ತಿಳಿದಿರುವ ಹುಡುಗಿ. ನಮ್ಮವ್ವ ತನಗೆ ಗೊತ್ತಿದ್ದ ಜೋಗುಳವನ್ನೆಲ್ಲ ಹಾಡಿ ಗಂಟಲು ಕಟ್ಟಿಸಿಕೊಂಡಳು. ಪಕ್ಕದ ಮನೆಯ ಹುಲುಗಮ್ಮ ಹಲಕುಂದಿ ಮಠದಿಂದ ಅಂಗಾರ ತಂದು ಹಚ್ಚಿದಳು, ದರ್ಗಾದಿಂದ ದಾರ ಬಂತು, ಮೆಣಸಿನಕಾಯಿ ಸುಟ್ಟು ದೃಷ್ಟಿ ತೆಗೆದು ಮನೆಮಂದಿಯೆಲ್ಲ ಕೆಮ್ಮಿದೆವು; ಕೂಸು ಮಾತ್ರ ನಾಟಕ ನೋಡುವವಳಂತೆ ಕಣ್ಣರಳಿಸಿ ನೋಡುತ್ತಿತ್ತು. ಹೀಗಿರುವಾಗ ಒಂದು ಮಧ್ಯಾಹ್ನ, ಬಳ್ಳಾರಿಯ ಜೀನ್ಸ್ ಹೊಲಿಯುವ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುವ ನನ್ನ ಗಂಡ ಅಜರುದ್ದೀನ್, ಫೋನಿನ ಡೇಟಾ ಮುಗಿದಿದ್ದರಿಂದ ನನಗೆ ಕರೆ ಮಾಡಿ, “ಲೇ ಶಬಾನಾ, ಮಾರೆಣ್ಣ ಏನ್ ಉತ್ತರ ಕೊಟ್ಟಾನ ನೋಡು, ಸ್ವಲ್ಪ ಓದಿ ಹೇಳು” ಅಂದರು. ನಾನು ಓದಿದೆ. ಮಾರೆಣ್ಣನ ಉತ್ತರ ಅರ್ಧಕ್ಕೆ ಬರುವಷ್ಟರಲ್ಲಿ ನನ್ನ ತೊಡೆಯ ಮೇಲೆ ಗೊರಕೆ ಕೇಳಿಸಿತು.

ಆ ಮಾರೆಣ್ಣ ಎಂಬ ನಿವೃತ್ತರಿಗೂ ದುರ್ಗೇಶ್ ಎಂಬುವರಿಗೂ ಒಂದು ಸಿಮೆಂಟ್ ಕಂಪನಿಯ ವಿಷಯದಲ್ಲಿ ನಡೆದಿರುವ ವಾದ ತಮಗೆ ಗೊತ್ತೇ ಇದೆ. ಯಂತ್ರಗಳ ಸವಕಳಿಯನ್ನು ನಿಜವಾದ ಖರ್ಚೆಂದು ಎಣಿಸಬೇಕೋ, ಬರೀ ಲೆಕ್ಕದ ಕಾಗದದ ಮೇಲಿನ ಖರ್ಚೆಂದು ಬಿಡಬೇಕೋ ಎಂಬುದೇ ಅದರ ಒಟ್ಟು ಸಂಗತಿ. ದುರ್ಗೇಶ್ “ಹಿರಿಯರಾದ ಮಾರೆಣ್ಣನವರ ಮೇಲೆ ಅಪಾರ ಗೌರವವಿಟ್ಟುಕೊಂಡೇ” ಎಂದು ಶುರುಮಾಡಿ ಅವರ ಮಾತಿನ ಒಂದೊಂದೇ ಎಳೆಯನ್ನು ಕಿತ್ತು ಹಾಕುತ್ತಾರೆ, ಮಾರೆಣ್ಣ “ತಮ್ಮಂಥ ಕಿರಿಯರು ಓದುತ್ತಿರುವುದೇ ಸಂತೋಷ” ಎಂದು ಹೇಳಿ ಮೊದಲಿಂದ ಮತ್ತೆ ಅದನ್ನೇ ವಿವರಿಸುತ್ತಾರೆ. ಇಬ್ಬರೂ ಬೈಯುವುದಿಲ್ಲ, ಇಬ್ಬರೂ ಸೋಲುವುದಿಲ್ಲ, ದನಿ ಏರಿಸಿ ಓದಬೇಕಾದ ಒಂದು ಸಾಲೂ ಅದರಲ್ಲಿಲ್ಲ. ಲೋಕದಲ್ಲಿ ಇದಕ್ಕಿಂತ ಒಳ್ಳೆಯ ಜೋಗುಳ ಹುಟ್ಟಿಲ್ಲವೆಂದು ನಾನು ಎಲ್ಲಿ ಬೇಕಾದರೂ ಬರೆದುಕೊಡಲು ಸಿದ್ಧಳಿದ್ದೇನೆ.

ಆಮೇಲೆ ಗಂಡನ ಮನೆಗೆ ಬಂದೆ. ಇಲ್ಲಿ ನನ್ನ ಕಷ್ಟದ ತೂಕ ತಮಗೆ ತಿಳಿಯಬೇಕಾದರೆ ಒಂದು ವಿಷಯ ಹೇಳಬೇಕು. ನಮ್ಮ ಮಾವ ಚಾಂದಸಾಬರದು ಮೂರು ತಲೆಮಾರಿನಿಂದ ಹತ್ತಿ ಹಿಂಜಿ ಗಾದಿ ಹೊಲಿದು ಈ ಸೀಮೆಯನ್ನೆಲ್ಲ ಮಲಗಿಸಿದ ಮನೆತನ. ಮೊಮ್ಮಗಳು ಬರುತ್ತಾಳೆಂದು ಅರಳೆಯಲ್ಲಿ ಒಂದು ಕಾಳೂ ಇಲ್ಲದಂತೆ ಆರಿಸಿ ತಾವೇ ಪುಟ್ಟ ಗಾದಿ ಹೊಲಿದಿದ್ದರು. ಅದರ ಮೇಲೆ ಮಲಗಿ ಆಕೆ ಚೀರಿದ ಚೀರಾಟಕ್ಕೆ, ಮುಂದಿನ ಅಂಗಡಿಯಲ್ಲಿ ಮದುವೆಯ ಗಾದಿಗೆ ಚೌಕಾಸಿ ಮಾಡುತ್ತಿದ್ದ ಗಿರಾಕಿ, “ಸಾಬರ, ನಿಮ್ಮ ಮನ್ಯಾಗಿನ ಗಾದಿ ಮ್ಯಾಲ ನಿಮ್ಮ ಕೂಸ ಮಲಗವಲ್ದು, ನಮ್ಮ ಬೀಗರು ಮಲಗತಾರೇನ್ರಿ” ಅಂದುಬಿಟ್ಟ. ಅತ್ತೆ ಸುಗ್ರಾಬಿ ಒಳಗೆ ಬಂದು ಕೂಸನ್ನು ಎತ್ತಿಕೊಂಡು ಹೋಗಿ ಹತ್ತಿ ತೂಗುವ ತಕ್ಕಡಿಯಲ್ಲಿ ಇಟ್ಟರು. ತಕ್ಕಡಿ ಏನು ಹೇಳಿತೋ ಅವರಿಗೇ ಗೊತ್ತು; ನನಗೆ ಮಾತ್ರ, “ಹಾಲು ಸಾಲವಲ್ದು, ಅದಕ್ಕ ಮಲಗವಲ್ದು. ಡಬ್ಬಿ ಹಾಲು ಹಾಕೂದು ಚಲೋ” ಅಂದರು.

ಮಾನ್ಯರೇ, ಡಾಕ್ಟರಮ್ಮ ತೂಕ ಸರಿ ಇದೆ ಅಂದಿದ್ದಾರೆ. ಹಾಲು ಸಾಕಾಗುತ್ತಿದೆ ಅಂತಲೂ ಅಂದಿದ್ದಾರೆ. ಆದರೆ “ಹಾಲು ಸಾಲವಲ್ದು” ಎಂಬ ಮಾತು ಒಂದು ಸಲ ಕಿವಿಗೆ ಬಿದ್ದ ಮೇಲೆ ಡಾಕ್ಟರಮ್ಮನ ಮಾತು ಅದರ ಮೇಲೆ ಕೂರುವುದಿಲ್ಲ, ಜಾರಿ ಬೀಳುತ್ತದೆ. ಅತ್ತ ಕೂಸು ಅಳುತ್ತದೆ, ಇತ್ತ ನಾನು ಅಳುತ್ತೇನೆ, ಇಬ್ಬರಲ್ಲಿ ಯಾರಿಗೆ ಹಾಲು ಸಾಲದೋ ಎಂದು ಅತ್ತೆ ನೋಡುತ್ತಾರೆ. ಆಗೆಲ್ಲ ನನ್ನ ಮಾನ ಕಾಪಾಡಿದ್ದು ಮಾರೆಣ್ಣ, ದುರ್ಗೇಶ್ ಮತ್ತು ತಾವು. ಬಾಗಿಲು ಮುಂದೆ ಮಾಡಿ ಸವಕಳಿ ಓದುತ್ತಿದ್ದೆ, ಕೂಸು ಮಲಗುತ್ತಿತ್ತು, ಡಬ್ಬಿಯ ಮಾತು ಮುಂದಕ್ಕೆ ಹೋಗುತ್ತಿತ್ತು.

ಅಂಥ ಸುಖದ ದಿನಗಳಲ್ಲಿ ತಾವು, “ಓದುಗರ ಅಮೂಲ್ಯ ಸಮಯ ಉಳಿಸುವ ಸಲುವಾಗಿ” ಎಂಬ ಪ್ರಕಟಣೆ ಹೊರಡಿಸಿ, ಉದ್ದನೆಯ ಚರ್ಚೆಗಳನ್ನೆಲ್ಲ ತೆಗೆದುಹಾಕಿ ಆ ಜಾಗದಲ್ಲಿ ಸಾರಾಂಶ ಕೂರಿಸಿದಿರಿ. ಆವತ್ತು ಮಧ್ಯಾಹ್ನ ನಾನು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಪುಟ ತೆರೆದೆ. ವರ್ಷಗಟ್ಟಲೆ ಇಬ್ಬರು ಸಭ್ಯರು ಬೆವರು ಸುರಿಸಿ ನಡೆಸಿದ ಜಗಳದ ಜಾಗದಲ್ಲಿ, “ಸವಕಳಿಯ ಬಗ್ಗೆ ಸದಸ್ಯರಲ್ಲಿ ಭಿನ್ನಾಭಿಪ್ರಾಯವಿದೆ” ಎಂಬ ಒಂದೇ ಸಾಲು ಇತ್ತು. ಅದನ್ನೇ ಓದಿದೆ. ಕೂಸು ನನ್ನ ಮುಖ ನೋಡಿತು. ಇನ್ನೊಮ್ಮೆ ನಿಧಾನವಾಗಿ, ಅಕ್ಷರ ಎಳೆದೆಳೆದು ಓದಿದೆ. ಅದಕ್ಕೆ ಬಂದ ಉತ್ತರ ಅಂಗಡಿಯ ಗಿರಾಕಿಗಳಿಗೂ ಕೇಳಿಸಿತು. ಸಂಜೆಗೆ ಅತ್ತೆ ಡಬ್ಬಿ ತರಿಸಿ, ನಾನು ಎದ್ದರೂ ಕೂತರೂ ಕಾಣುವಂತೆ ಗೋಡೆಯ ಗೂಡಿನಲ್ಲಿ ಇಟ್ಟರು.

ತಮ್ಮ ಸಲಹೆಯ ಪೆಟ್ಟಿಗೆಗೆ ಕೂಡಲೇ ಬರೆದಿದ್ದೆ. “ನಾವು ಸಂಬಳವಿಲ್ಲದ ಸ್ವಯಂಸೇವಕರು, ಬಿಡುವಾದಾಗ ನೋಡುತ್ತೇವೆ” ಎಂಬ ಉತ್ತರ ಬಂತು. ಸಂತೋಷವಾಯಿತು. ನಾನೂ ಸಂಬಳವಿಲ್ಲದ ಸ್ವಯಂಸೇವಕಿಯೇ. ಬಿಡುವಾದಾಗ ಎದೆಗೆ ಹಾಕಿಕೊಳ್ಳುತ್ತೇನೆಂದು ನನ್ನ ಮಗಳಿಗೆ ಹೇಳಿ ನೋಡಿದೆ, ಆಕೆ ತಮ್ಮ ಓದುಗರಷ್ಟು ಉದಾರಿಯಲ್ಲ.

ಹಾಗೆಂದು ತಮ್ಮ ಸಾರಾಂಶದ ಜಾಣತನವನ್ನು ನಾನು ಹಳಿಯುತ್ತಿಲ್ಲ. ಅದನ್ನು ತಾವು ತಪ್ಪು ಜಾಗದಲ್ಲಿ ಪೋಲು ಮಾಡುತ್ತಿದ್ದೀರಿ ಎಂಬುದಷ್ಟೇ ನನ್ನ ಸಂಕಟ. ಕೂಸಿನ ಅಳುವನ್ನು ಒಂದು ಸಾಲಿಗೆ ಇಳಿಸಿಕೊಡಿ, ತಮ್ಮ ಹೆಸರಲ್ಲಿ ಫಾತಿಹಾ ಓದಿಸುತ್ತೇನೆ. ಕೂಸು ನೋಡಲು ಬಂದು ಚಹ ಕುಡಿದು, ತಮ್ಮ ಮಕ್ಕಳು ಹೇಗೆ ಹುಟ್ಟಿದ ದಿನದಿಂದಲೇ ಮಲಗುತ್ತಿದ್ದವು ಎಂದು ಹೇಳಿ ಹೋಗುವ ಬಂಧುಗಳ ಸಾರಾಂಶ ಮಾಡಿ. ಸಿರುಗುಪ್ಪದಿಂದ ಬಳ್ಳಾರಿಯ ರಸ್ತೆಯ ಗುಂಡಿಗಳನ್ನು ಸಂಕ್ಷೇಪಿಸಿ ನಾಲ್ಕೈದು ಮುಖ್ಯ ಗುಂಡಿಗಳನ್ನಷ್ಟೇ ಉಳಿಸಿ. ಇವು ಯಾವುವೂ ಆಗದಿದ್ದರೆ ತಮ್ಮಲ್ಲಿ ಒಬ್ಬರು, ದನಿ ಸ್ವಲ್ಪ ಮಂದವಾಗಿರುವವರು, ದಿನಾ ಮಧ್ಯಾಹ್ನ ಇಲ್ಲಿಗೆ ಬಂದು ಹಳೆಯ ಚರ್ಚೆಯನ್ನು ಬಾಯಿಪಾಠ ಒಪ್ಪಿಸಲಿ. ಊಟಕ್ಕೆ ತೊಂದರೆಯಿಲ್ಲ, ಮಲಗಲು ಗಾದಿಯಂತೂ ಬೇಕಾದಷ್ಟಿವೆ.

ಇದಾವುದೂ ಬೇಡವೆನಿಸಿದರೆ ಮಾರೆಣ್ಣನವರ ಮಾತುಗಳನ್ನಾದರೂ ಇದ್ದಹಾಗೇ ಹಿಂದಿರುಗಿಸಿ. ಅವರು ಸರಿಯೋ ದುರ್ಗೇಶ್ ಸರಿಯೋ ನನಗೆ ಬೇಕಿಲ್ಲ. ಡಬ್ಬಿಯ ಮುಚ್ಚಳ ಇನ್ನೂ ತೆಗೆದಿಲ್ಲ. ತೆಗೆಯುವುದರೊಳಗೆ ತಾವು ಕೃಪೆ ಮಾಡಬೇಕು.

ಎರಡೂ ಕಣ್ಣು ತೆರೆದುಕೊಂಡು ತಮ್ಮ ದಾರಿ ಕಾಯುತ್ತಿರುವ
ತಮ್ಮ ವಿಶ್ವಾಸಿ,
ಶಬಾನಾ ಅಜರುದ್ದೀನ್
ಸಿರುಗುಪ್ಪ

ತಾ.ಕ.: ಪತ್ರ ಕಳಿಸುವ ಮೊದಲೇ ಒಂದು ಬೆಳವಣಿಗೆಯಾಗಿದೆ. ನಾನು ಒಣಗಿದ ಬಟ್ಟೆ ತರಲು ಹೋಗಿದ್ದಾಗ ಅಳುತ್ತಿದ್ದ ಕೂಸನ್ನು ಅತ್ತೆ ಕಾಲ ಮೇಲೆ ಹಾಕಿಕೊಂಡು, ಹಿಂದೆ ಯಾವಾಗಲೋ ಬಾದನಹಟ್ಟಿಯ ಮೈಲಾರಪ್ಪ ಎಂಬುವರು ಮಗಳ ಮದುವೆಗೆಂದು ಹೊಲಿಸಿದ ಗಾದಿಗಳು, ತಾವು ಕೊಟ್ಟ ಹತ್ತಿಗಿಂತ ಹಗುರ ಇವೆಯೆಂದು ತಕರಾರು ತೆಗೆದದ್ದನ್ನು ಹೇಳಲು ಶುರುಮಾಡಿದ್ದರು. “ಅವರು ಹಂಗಂದ್ರು, ನಿಮ್ಮ ತಾತ ಹಿಂಗಂದ, ಹಿಂಜಿದ ಮ್ಯಾಲ ಧೂಳು ಹೋಗತೈತಲ್ಲ ಅಂದ, ಧೂಳು ಅಷ್ಟು ಇರತೈತೇನು ಅಂತ ಅವರು ಅಂದ್ರು.” ಒಂದು ಎಳೆಯನ್ನೂ ಬಿಡಲಿಲ್ಲ. ಕೂಸು ಮಲಗಿತು. ಅದರ ಮುಖ ನೋಡುತ್ತ ಅತ್ತೆ, “ಹಾಲಿಂದೇನೂ ತಕರಾರಿಲ್ಲ ಬಿಡು ಶಬಾನಾ, ಕೂಸಿಗೆ ಮಾತು ಸಾಲತಿದ್ದಿಲ್ಲ” ಎಂದು ಡಬ್ಬಿಯನ್ನು ಗೂಡಿನಿಂದ ತೆಗೆದು, ತಂದ ಅಂಗಡಿಗೇ ವಾಪಸು ಕಳಿಸಿದರು. ಆದುದರಿಂದ ತಾವು ಇನ್ನು ಅವಸರಪಡಬೇಕಾಗಿಲ್ಲ, ನಿಶ್ಚಿಂತೆಯಿಂದ ಮಲಗಬಹುದು. ನನಗೆ ಮಾತ್ರ ಆ ನೆಮ್ಮದಿ ಇಲ್ಲ. ಮೈಲಾರಪ್ಪ ಕೊನೆಗೆ ಗಾದಿ ಒಯ್ದರೋ ಬಿಟ್ಟರೋ ಎಂದು ಕೇಳಿದರೆ ಅತ್ತೆ, “ಕೂಸು ಮಲಗೇತಲ್ಲ, ಇನ್ನ್ಯಾಕ ಅದು” ಎಂದು ಒಳಗೆ ಹೋಗಿದ್ದಾರೆ. ತಮ್ಮ ಆ ಸಾರಾಂಶದ ಸಲಕರಣೆಯನ್ನು ಅತ್ತೆಯವರಿಗೆ ಜೋಡಿಸಲು ಬರುವುದೇ ಎಂದು ದಯಮಾಡಿ ತಿಳಿಸುವುದು.