ಎಲೆಯ ಚಿತ್ರಕ್ಕೊಂದು ತಿದ್ದುಪಡಿ

ಮೂವತ್ತು ವರ್ಷಗಳಿಂದ ಪತ್ರಿಕೆಯಲ್ಲಿದ್ದೇನೆ. ಜಮಖಂಡಿಯಿಂದ ನಾನು ಕಳಿಸಿದ ಒಂದೇ ಒಂದು ಸುದ್ದಿಗೂ ತಿದ್ದುಪಡಿ ಪ್ರಕಟವಾದ ದಾಖಲೆಯಿರಲಿಲ್ಲ. ಊರಿನ ಹೆಸರು, ಮನೆತನದ ಹೆಸರು, ತೀರಿಕೊಂಡವರ ವಯಸ್ಸು, ಏನೇ ಇರಲಿ, ಇಬ್ಬರನ್ನು ಕೇಳಿ ಖಚಿತಪಡಿಸಿಕೊಂಡೇ ಬರೆಯುವವನು ನಾನು. ಇಂಥವನಿಗೆ ಒಂದು ಹಕ್ಕಿಯ ಫೋಟೊ ತೆಗೆಯುವುದು ಯಾವ ಲೆಕ್ಕ?

ತೆಗೆದೆ. ಭಾನುವಾರದ ಪುರವಣಿಯಲ್ಲಿ ನಾಲ್ಕು ಕಾಲಂ ಅಗಲಕ್ಕೆ ಬಂತು. ಕೆಳಗೆ ನನ್ನದೇ ಅಡಿಬರಹ: ‘ಬನಹಟ್ಟಿಯ ಹಿತ್ತಲೊಂದರಲ್ಲಿ ಕಂಡ ಸಿಂಪಿಗ ಹಕ್ಕಿ.’

ಚಿತ್ರ ಬಹಳ ಸ್ಪಷ್ಟವಾಗಿತ್ತು. ಪೇರಲ ಎಲೆಯ ನರಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಹಕ್ಕಿ ಮಾತ್ರ ಇರಲಿಲ್ಲ!

ನಾನು ಗುಂಡಿ ಒತ್ತುವುದಕ್ಕೂ ಅದು ಹಾರುವುದಕ್ಕೂ ಕಣ್ಣೆವೆ ಇಕ್ಕುವಷ್ಟು ಅಂತರವಿದ್ದಿರಬೇಕು. ಕ್ಯಾಮೆರಾದ ಬೆನ್ನಿನ ಪುಟ್ಟ ಪರದೆಯಲ್ಲಿ ಎಲೆಯ ಒಣಗಿದ ತುದಿ ನನಗೆ ಹಕ್ಕಿಯ ತಲೆಯಾಗಿ ಕಂಡಿತ್ತು. ಓದುಗರಿಗೆ ಹಾಗೆ ಕಾಣಲಿಲ್ಲ. ಮುಧೋಳದವರೊಬ್ಬರು ಬೆಳಗ್ಗೆಯೇ ಫೋನ್ ಮಾಡಿ, “ಸರ, ಹಕ್ಕಿ ಯಾವ ಪುಟದಾಗ ಐತ್ರಿ?” ಎಂದರು. ಬೀಳಗಿಯ ಮಾಸ್ತರರೊಬ್ಬರು ಅದನ್ನು ಸ್ಪರ್ಧೆಯೆಂದೇ ತಿಳಿದಿದ್ದರು. “ಹಕ್ಕಿ ಹುಡುಕಿದವರಿಗೆ ಬಹುಮಾನ ಏನಿಟ್ಟೀರಿ?”

ಸಂಪಾದಕ ಒಂದು ಕಾಲದಲ್ಲಿ ನನ್ನ ಕೈಕೆಳಗೆ ಕೆಲಸ ಕಲಿತವನು. ಕಲಿಸಿದ್ದನ್ನು ಮರೆತಿರಲಿಲ್ಲ. ಸೋಮವಾರ ನನ್ನ ಮೂವತ್ತು ವರ್ಷದ ಮೊದಲ ತಿದ್ದುಪಡಿ ಅಚ್ಚಾಯಿತು: ‘ಪ್ರಕಟವಾದ ಚಿತ್ರದಲ್ಲಿರುವುದು ಹಕ್ಕಿಯಲ್ಲ, ಬರೀ ಎಲೆ. ಪ್ರಮಾದಕ್ಕೆ ವಿಷಾದಿಸುತ್ತೇವೆ.’

“ಸರ, ಶುಕ್ರವಾರ ಸಂಜಿ ಒಳಗ ಖರೆ ಹಕ್ಕಿ ಕಳಸ್ರಿ,” ಎಂದ. “ಕಣ್ಣು ಕಾಣಬೇಕು. ಇಲ್ಲಂದ್ರ ಮಂದಿ ನಮ್ಮ ಪೇಪರನ್ನ ಎಲಿ ಪೇಪರ್ ಅಂತಾರು.”

ಹೆಂಡತಿ ಗಿರಿಜಾ ಬನಹಟ್ಟಿಯ ನೇಕಾರರ ಮನೆಯ ಮಗಳು. ಎಲೆ ಅವಳ ತವರಿನದೇ. “ನಮ್ಮವ್ವನ ಕಾಲಕಡಿ ಬಂದು ನೂಲು ಹೆಕ್ಕತೈತಿ ಆ ಹಕ್ಕಿ. ನಿಮಗ ಒಂದು ಫೋಟೊ ತಗಿಯಾಕ ಆಗಲಿಲ್ಲ!” ಎಂದಳು. ಇದು ಸುದ್ದಿ. ಆದರೆ ಒಬ್ಬರೇ ಹೇಳಿದ್ದು. ನಾನು ನಂಬಲಿಲ್ಲ.

ಮುಧೋಳದಲ್ಲಿ ಮದುವೆ ಫೋಟೊ ತೆಗೆಯುವ ಗೆಳೆಯ ದಾದಾಪೀರನಿಂದ ಮೊಳದುದ್ದದ ಲೆನ್ಸ್ ತಂದೆ. ಕೊಡುವಾಗ ಅವನು ಒಂದು ಮಾತು ಹೇಳಿದ: “ಎಷ್ಟು ದೊಡ್ಡ ಲೆನ್ಸ್ ಇದ್ರೂ ಹತ್ರ ಹೋಗಬೇಕು ನೋಡ್ರಿ. ದೂರಿಂದ ತಗದು ದೊಡ್ಡದು ಮಾಡಿದ್ರ ಹಕ್ಕಿ ದೊಡ್ಡದಾಗೂದಿಲ್ಲ, ತಪ್ಪು ದೊಡ್ಡದಾಗತೈತಿ.”

ಬುಧವಾರ ಬನಹಟ್ಟಿಗೆ ಹೋಗಿ ಹಿತ್ತಲಲ್ಲಿ ಕುಳಿತೆ. ಮಗ್ಗದ ಕೋಣೆಯ ಬಾಗಿಲು ಹಿತ್ತಲಿಗೇ ತೆರೆಯುತ್ತದೆ. ಹೊಸ್ತಿಲ ಬಳಿ ನೂಲಿನ ತುಂಡುಗಳ ಬುಟ್ಟಿ. ಎದುರಿಗೆ ಪೇರಲ ಗಿಡ. ಗಿಡದ ಹತ್ತಿರ ಹೋಗಲು ಅತ್ತೆಯ ಅಪ್ಪಣೆಯಿರಲಿಲ್ಲ. “ಅಲ್ಲೆ ಎಲ್ಲೋ ಗೂಡು ಕಟ್ಟಾಕತ್ತೈತಿ. ನೀವು ಹಣಕಿ ಹಾಕಿದ್ರ ಬಿಟ್ಟು ಹೋಗತೈತಿ. ಇಲ್ಲೇ ಕುಂದರ್ರಿ.” ಕುಳಿತೆ. ಹಕ್ಕಿ ಗಿಡದಿಂದ ಒಮ್ಮೆ ಇಣುಕಿ, ನನ್ನನ್ನು ಕಂಡು, ಟುವ್ವಿ ಟುವ್ವಿ ಎಂದು ಬೈದು ಒಳಗೆ ಹೋಯಿತು. ಇಡೀ ದಿನ ಅಷ್ಟೇ.

ನಾನು ಪರಿಸ್ಥಿತಿಯನ್ನು ಅವಲೋಕಿಸಿದೆ. ಅಡ್ಡಿಗಳು ಎರಡು: ಒಂದು ನನ್ನ ಮುಖ, ಇನ್ನೊಂದು ಮಗ್ಗದ ಸದ್ದು. ಇಂಥ ಖಟಖಟ ಸದ್ದಿನಲ್ಲಿ ಯಾವ ಹಕ್ಕಿ ತಾನೇ ಬಂದೀತು?

ಗುರುವಾರ ಮುಖದ ವ್ಯವಸ್ಥೆ ಮೊದಲು ಮಾಡಿದೆ. ಮಗ್ಗದಿಂದ ಇಳಿಸಿದ ಬಿಳಿ ಬಟ್ಟೆಯನ್ನು ತಲೆಯಿಂದ ಕಾಲಿನವರೆಗೆ ಹೊದ್ದು, ಲೆನ್ಸಿಗೆ ಒಂದು ಸಂದು ಬಿಟ್ಟು, ಗೋಡೆಗೆ ಒರಗಿ ಅಲುಗದೆ ಕುಳಿತೆ. ಆಮೇಲೆ ಬಟ್ಟೆಯ ಒಳಗಿನಿಂದಲೇ ಮಾವನವರಿಗೆ ವಿನಂತಿಸಿದೆ: “ಮಾವಾರ, ಅರ್ಧ ತಾಸು ಮಗ್ಗ ನಿಂದರಸ್ತೀರೇನ್ರಿ?”

ನಮ್ಮ ಕಡೆ ಅಳಿಯನ ಮಾತಿಗೆ ಇಲ್ಲ ಎನ್ನುವ ಪದ್ಧತಿಯಿಲ್ಲ. ಮಾವ ಎರಡೂ ಮಗ್ಗ ನಿಲ್ಲಿಸಿದರು. ಆದರೆ ಪಕ್ಕದ ಮನೆಯ ಮಗ್ಗ ಕೇಳುತ್ತಿತ್ತು. ಅದರಾಚೆಯದೂ ಕೇಳುತ್ತಿತ್ತು. ಮಾವ ಮರ್ಯಾದಸ್ಥರು. ಒಂದು ಹಕ್ಕಿಗಾಗಿ ಮಗ್ಗ ನಿಲ್ಲಿಸಿ ಎಂದು ಓಣಿಯಲ್ಲಿ ಹೇಳಲು ಅವರಿಗೆ ನಾಚಿಕೆಯಾಯಿತು. ಮನೆಮನೆಗೆ ಹೋಗಿ, ಕೈ ಮುಗಿದು, ತಲೆ ತಗ್ಗಿಸಿ ಇಷ್ಟೇ ಹೇಳಿದರು: “ನಮ್ಮ ಅಳಿಯಂದ್ರ ಸಲುವಾಗಿ ಸ್ವಲ್ಪ ಮಗ್ಗ ನಿಂದರಸ್ರಿ.”

ಓಣಿ ಸ್ತಬ್ಧವಾಯಿತು. ಎಲೆ ಅಲುಗಿದರೂ ಕೇಳುವಂಥ ಮೌನ. ನಾನು ಬಟ್ಟೆಯೊಳಗೆ ಹಿಗ್ಗಿದೆ.

ಬನಹಟ್ಟಿಯಲ್ಲಿ ನಡುಹಗಲು ಓಣಿಯ ಮಗ್ಗಗಳೆಲ್ಲ ಒಟ್ಟಿಗೆ ನಿಂತವೆಂದರೆ ಅರ್ಥ ಒಂದೇ: ಓಣಿಯಲ್ಲಿ ಯಾರೋ ತೀರಿಕೊಂಡಿದ್ದಾರೆ. ಹಕ್ಕಿಯ ಧ್ಯಾನದಲ್ಲಿ ನನಗದು ಹೊಳೆಯಲಿಲ್ಲ. ಇನ್ನೊಂದು ಸಂಗತಿಯೂ ಹೊಳೆಯಲಿಲ್ಲ. ನಮ್ಮ ಮಂದಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂರಿಸುತ್ತಾರೆ!

ಮೊದಲು ಪಕ್ಕದ ಮನೆಯ ಬಸವ್ವಾಯಿ ಬಂದಳು. ಬಿಳಿ ಬಟ್ಟೆ ಕಂಡಳು. ಪಕ್ಕದಲ್ಲಿ ಕೈಕಟ್ಟಿ ನಿಂತ ಮಾವನನ್ನು ಕಂಡಳು. ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದ ಅತ್ತೆಯನ್ನು ಕಂಡಳು. ಅತ್ತೆ ಕೆಮ್ಮು ಬಂದರೆ ಅಳಿಯನ ಹಕ್ಕಿ ಹಾರೀತೆಂದು ಹೆದರಿ ಬಾಯಿ ಮುಚ್ಚಿಕೊಂಡಿದ್ದರು.

“ಯವ್ವಾ! ನಿನ್ನಿ ಚಾ ಕುಡದು ನಕ್ಕೋತ ಹ್ವಾದ್ರಲ್ಲಾ!” ಎಂದು ಬಸವ್ವಾಯಿ ಎದೆಗೆ ಕೈ ಇಟ್ಟುಕೊಂಡಳು.

ಅವಳ ಹಿಂದೆ ಹತ್ತಾರು ಜನ ಸೇರಿದರು. ಮಾವ ಬಾಯಿ ತೆರೆಯುವಷ್ಟರಲ್ಲಿ ನಾಲ್ವರು ಅವರನ್ನು ಹಿಡಿದು ಕೂರಿಸಿ, “ಸಮಾಧಾನ ಮಾಡಕೋರಿ” ಎಂದರು. ಇನ್ನೊಬ್ಬರು ನನ್ನ ಗುಣಗಾನ ಆರಂಭಿಸಿದರು. “ಛಲೋ ಮನಶ್ಯಾ ಇದ್ರು. ಎಲಿ ಫೋಟೊದ್ದ ಮನಸಿಗೆ ಹಚ್ಚಕೊಂಡ್ರು ಅನಸ್ತೈತಿ.”

ಬಟ್ಟೆಯೊಳಗೆ ನನಗೆ ಎಲ್ಲವೂ ಕೇಳುತ್ತಿತ್ತು. ಆದರೆ ಅದೇ ಹೊತ್ತಿಗೆ ಪೇರಲ ಗಿಡದಲ್ಲಿ ಏನೋ ಅಲುಗಿತು. ಕರ್ತವ್ಯ ಮುಖ್ಯ. ಪಿಸುಮಾತಿನಲ್ಲಿ ಹೇಳಿದೆ: “ಸುಮ್ನಿರ್ರೀ, ಹಕ್ಕಿ ಬರಾಕತ್ತೈತಿ.”

ಜನ ಚದುರಿದ ವೇಗವನ್ನು ದಾಖಲಿಸಲು ನನ್ನಲ್ಲಿ ಸಾಧನವಿರಲಿಲ್ಲ. ಬಸವ್ವಾಯಿಯ ಒಂದು ಚಪ್ಪಲಿ ಉಳಿಯಿತು. ಹಕ್ಕಿ ಉಳಿಯಲಿಲ್ಲ.

ಜೇಬಿನಲ್ಲಿ ಫೋನ್ ನಡುಗಿತು. ಸಂಪಾದಕ. “ಸರ, ನಿಮ್ಮ ನಿಧನದ ಸುದ್ದಿ ಬಂದೈತಿ. ಖಚಿತ ಮಾಡಕೊಳ್ಳಾಕ ಫೋನ್ ಮಾಡೀನಿ.”

“ಇಲ್ಲಪಾ, ಬದಕೇನಿ.”

“ಹಂಗಂತ ನೀವೊಬ್ಬರ ಹೇಳಾಕತ್ತೀರಿ. ಇಬ್ಬರನ್ನ ಕೇಳಬೇಕು ಅಂತ ನೀವ ಕಲಿಸೀರಿ. ಅಕ್ಕಾರಿಗೆ ಫೋನ್ ಕೊಡ್ರಿ.”

ಗಿರಿಜಾ ಜಮಖಂಡಿಯಲ್ಲಿದ್ದಳು. ಅವಳ ಕರೆ ಅದರ ಹಿಂದೆಯೇ ಬಂತು. “ಏನ್ರೀ, ಹುನ್ನೂರ ಚಿಗವ್ವ ಅಳಕೋತ ಬಸ್ ಹತ್ಯಾಳಂತ. ನೀವು ಬದಕೀರಿ ಅಂದ್ರ ಇಳಿಯಾಕ ತಯಾರಿಲ್ಲ. ಟಿಕೇಟ್ ತಗಸೇನಿ, ಬಂದ ನೋಡತೇನಿ ಅಂತಾಳ!”

ಚಿಕ್ಕಮ್ಮ ಬಂದು ನನ್ನನ್ನು ಮುಟ್ಟಿ ನೋಡಿ, ಊಟ ಮಾಡಿ ಹೋದರು. ಮಾವ ಮಗ್ಗ ಶುರು ಮಾಡಿದರು. ಓಣಿಯ ಮಗ್ಗಗಳೆಲ್ಲ ಖಟಖಟ ಎಂದವು. ಎಂದದ್ದೇ ತಡ, ಹಕ್ಕಿ ಪೇರಲ ಗಿಡದಿಂದ ಇಳಿದು, ಹೊಸ್ತಿಲ ಮೇಲೆ ಕುಪ್ಪಳಿಸಿ, ಬುಟ್ಟಿಗೆ ಬಾಯಿ ಹಾಕಿತು!

ಅತ್ತೆ ನಕ್ಕರು. “ಅದು ತತ್ತಿಯೊಳಗ ಇದ್ದಾಗಿಂದ ಈ ಸಪ್ಪಳಾನ ಕೇಳೇತಿ ಅಳಿಯಂದ್ರ. ಮಗ್ಗ ನಿಂತ್ರ ಹುಲಿ ಬಂತೇನೋ ಅಂತ ಅಂಜತೈತಿ.”

ಹಾಗಾದರೆ ಸದ್ದಿರಲಿ ಎಂದು ಮೂರು ಕಾಲಿನ ಸ್ಟ್ಯಾಂಡನ್ನು ಬಾಗಿಲಲ್ಲಿ ಊರಿ ಇಪ್ಪತ್ತು ಚಿತ್ರ ತೆಗೆದೆ. ಮಗ್ಗಕ್ಕೆ ನೆಲ ನಡುಗುತ್ತದೆ. ನೆಲಕ್ಕೆ ಸ್ಟ್ಯಾಂಡ್ ನಡುಗುತ್ತದೆ. ಪ್ರತಿ ಚಿತ್ರದಲ್ಲೂ ಒಂದು ಹಕ್ಕಿಗೆ ಮೂರು ಕೊಕ್ಕು! ಮಗ್ಗ ನಿಂತರೆ ಹಕ್ಕಿಯಿಲ್ಲ, ಮಗ್ಗ ನಡೆದರೆ ಚಿತ್ರವಿಲ್ಲ.

ಶುಕ್ರವಾರ ಬೆಳಗ್ಗೆ ಅತ್ತೆ ನನ್ನ ಸ್ಥಿತಿ ನೋಡಿ ಮರುಗಿದರು. “ನೀವು ಅದನ್ನ ಬ್ಯಾಟಿಗಾರನಂಗ ನೋಡತೀರಿ. ಅದಕ್ಕ ತಿಳೀತೈತಿ. ಬರ್ರಿ, ನನ್ನ ಬಾಜೂಕ ಕುಂತು ಕೆಲಸ ಮಾಡ್ರಿ.” ನನ್ನ ಎರಡೂ ಕೈಗಳನ್ನು ಮುಂದೆ ಚಾಚಿಸಿ, ಅವುಗಳ ಸುತ್ತ ಕೆಂಪು ನೂಲಿನ ಲಡಿ ಹಾಕಿ, ಸಿಕ್ಕು ಬಿಡಿಸುತ್ತ ಕಂಡಿಕೆಗೆ ಸುತ್ತತೊಡಗಿದರು. ಲೆನ್ಸ್ ತೊಡೆಯ ಮೇಲಿತ್ತು. ಮೊಬೈಲ್ ಜೇಬಿನಲ್ಲಿತ್ತು. ಕೈಗಳು ಸೆರೆಯಲ್ಲಿದ್ದವು.

ಆಗ ಅದು ಬಂತು. ಮೊದಲು ಅತ್ತೆಯ ಕಾಲಬೆರಳ ಬಳಿ. ಅತ್ತೆ ತಲೆಯೆತ್ತಲಿಲ್ಲ. ಅದು ಒಂದು ನೂಲು ಹೆಕ್ಕಿ, ಕೊಕ್ಕಿನಲ್ಲಿ ಎಳೆದು ನೋಡಿ, ಬಿಸಾಡಿತು. “ಗಂಜಿ ಹಚ್ಚಿದ್ದು. ಬಿರಸು ಇರತೈತಿ, ಅದಕ್ಕ ಬ್ಯಾಡ,” ಎಂದರು ಅತ್ತೆ. ಇನ್ನೊಂದನ್ನು ಎಳೆಯಿತು. ಅದೂ ಬೇಡ. ಅತ್ತೆಯೂ ಅದೇ ಹೊತ್ತಿಗೆ ಒಂದು ಎಳೆಯನ್ನು ಬೆರಳಲ್ಲಿ ಎಳೆದು ನೋಡಿ ಬದಿಗಿಟ್ಟರು. ಇಬ್ಬರ ಕುತ್ತಿಗೆಯೂ ಒಂದೇ ಬಗೆಯಲ್ಲಿ ವಾರೆಯಾಗಿತ್ತು.

ಆಮೇಲೆ ಅದು ಹಾರಿ ನನ್ನ ಕೈಮೇಲಿನ ಲಡಿಯ ಮೇಲೇ ಕುಳಿತಿತು. ನನ್ನ ಹೆಬ್ಬೆರಳಿಗೂ ಅದಕ್ಕೂ ನಾಲ್ಕು ಬೆರಳ ಅಂತರ. ನೆತ್ತಿಯ ಮೇಲೆ ಇಟ್ಟಿಗೆ ಬಣ್ಣದ ಟೋಪಿ. ಹಸಿರು ಬೆನ್ನು. ಸೂಜಿ ಸಿಕ್ಕಿಸಿದ ಹಾಗೆ ನೆಟ್ಟಗೆ ನಿಂತ ಬಾಲ. ಜೇನಿನ ಬಣ್ಣದ ಕಣ್ಣು, ಅದರ ನಡುವಿನ ಕಪ್ಪು ಬೊಟ್ಟಿನಲ್ಲಿ ಬೆಳಕಿನ ಬಾಗಿಲು. ಒಣಗಿದ ಎಲೆಯಷ್ಟೂ ಭಾರವಿರಲಿಲ್ಲ. ಅಂಥ ಜೀವ ನನ್ನ ಕೈಯ ನೂಲಿನಲ್ಲಿ ಒಂದು ಸಡಿಲ ತುದಿಯನ್ನು ಹುಡುಕಿ, ಕಾಲೂರಿ, ಮೈಯೆಲ್ಲ ಬಲ ಹಾಕಿ ಎಳೆಯಿತು. ಆ ಎಳೆತ ನನ್ನ ಮಣಿಕಟ್ಟಿಗೆ ತಿಳಿಯಿತು. ಎಳೆ ಹರಿಯಿತು. ಹಕ್ಕಿ ಹೋಯಿತು.

“ತಗದ್ರೇನು?” ಅತ್ತೆ ಕೇಳಿದರು.

“ಕೈ ಖಾಲಿ ಇದ್ರೂ ಆಗತಿರಲಿಲ್ರಿ. ಈ ಲೆನ್ಸಿಗೆ ಹತ್ತು ಅಡಿಗಿಂತ ಹತ್ರದ್ದು ಕಾಣೂದಿಲ್ಲ.”

“ಅಯ್ಯ, ಅದಕ್ಕೂ ನನ್ನಂಗ ಚಾಳೀಸ ಬಂದೈತೇನು?” ಎಂದು ತಮ್ಮ ಕನ್ನಡಕ ಮುಟ್ಟಿಕೊಂಡರು.

ಸಂಜೆ ಚಿತ್ರವಿಲ್ಲದೆ ಬರಹ ಕಳಿಸಿದೆ. ಕಂಡದ್ದನ್ನಷ್ಟೇ ಬರೆದೆ. ಟೋಪಿ, ಬಾಲ, ಕಣ್ಣು, ಎಳೆತ. ಸಂಪಾದಕ ಓದಿ, “ಛಲೋ ಐತ್ರಿ ಸರ. ಚಿತ್ರದ ಕಾಳಜಿ ಬಿಡ್ರಿ, ಏನರೆ ಹಚ್ಚತೀವಿ,” ಎಂದ.

ಶನಿವಾರ ಗಿರಿಜಾಳೂ ತವರಿಗೆ ಬಂದಳು. ಭಾನುವಾರ ಬನಹಟ್ಟಿಯಲ್ಲೇ ಪತ್ರಿಕೆ ಬಿಡಿಸಿದೆ. ಬರಹ ಪೂರ್ತಿ ಬಂದಿತ್ತು. ಮೇಲೆ ನಾಲ್ಕು ಕಾಲಂ ಅಗಲಕ್ಕೆ ಚಿತ್ರ. ಅದೇ ಎಲೆ!

ನಾನು ಕೂಗಾಡಲು ಫೋನ್ ಎತ್ತಿಕೊಂಡೆ. ಗಿರಿಜಾ ನಗು ತಡೆಯಲಾರದೆ ಗೋಡೆ ಹಿಡಿದಿದ್ದಳು. ಅತ್ತೆ ಮಾತ್ರ ಪತ್ರಿಕೆಯನ್ನು ಮಡಿಲಿಗೆ ಎಳೆದುಕೊಂಡು, ಚಾಳೀಸು ಏರಿಸಿ, ಎಲೆಯ ಅಂಚಿನ ಮೇಲೆ ಬೆರಳಾಡಿಸಿದರು.

“ಅಳಿಯಂದ್ರ, ಈ ಎಲಿಗೆ ಹೊಲಿಗಿ ಐತಿ ನೋಡ್ರಿ.”

ನೋಡಿದೆ. ಎಲೆಯ ಎರಡು ಅಂಚುಗಳನ್ನು ಕೂಡಿಸಿ ಏಳು ಹೊಲಿಗೆಗಳಿದ್ದವು. ಒಂದೊಂದರ ತುದಿಯಲ್ಲೂ ಗಂಟಿನಂತೆ ಉಬ್ಬಿದ ಕೆಂಪು ನೂಲು. ಸೆರಗಿಗೆ ಮಾವ ಹಾಕುವ ಅದೇ ಕೆಂಪು. ನರಗಳನ್ನು ಎಣಿಸಬಹುದಾದಷ್ಟು ಸ್ಪಷ್ಟವಾದ ಚಿತ್ರದಲ್ಲಿ ಅವು ಒಂದು ವಾರದಿಂದ ಹಾಗೇ ಇದ್ದವು. ನಾನು ಎಣಿಸಿದ್ದು ನರಗಳನ್ನು ಮಾತ್ರ!

ಸಿಂಪಿಗನೆಂದರೆ ದರ್ಜಿ, ಎಲೆ ಹೊಲಿದೇ ಗೂಡು ಕಟ್ಟುವ ಹಕ್ಕಿ. ಅಂದರೆ ಹಕ್ಕಿಯ ಮನೆಯನ್ನೇ ಅಚ್ಚು ಹಾಕಿಸಿ, ಮರುದಿನ ಅದು ಬರೀ ಎಲೆಯೆಂದು ಲಿಖಿತವಾಗಿ ಕ್ಷಮೆ ಕೇಳಿದ್ದೆವು.

ಸಂಪಾದಕನಿಗೆ ಹೇಳಿದೆ. “ಅಡ್ಡಿಯಿಲ್ಲ ಸರ, ತಿದ್ದುಪಡಿಗೆ ಒಂದು ತಿದ್ದುಪಡಿ ಹಾಕೋಣ. ಹಕ್ಕಿ ಒಳಗಿತ್ತು ಅಂತ ಬರಿಲೇನು?”

“ಅದು ಖಚಿತ ಇಲ್ಲಪಾ. ಕೇಳಬೇಕು.”

ಗಿರಿಜಾ ಪೇರಲ ಗಿಡದ ಕಡೆ ಕೈ ತೋರಿಸಿದಳು. “ಹೋಗಿ ಅದನ್ನ ಕೇಳ್ರಿ. ಆದ್ರ ಬಿಳಿ ಅರಬಿ ಹೊಚಕೊಂಡು ಹೋಗಬ್ಯಾಡ್ರಿ. ಚಿಗವ್ವಗ ಮತ್ತ ಬಸ್ ಹತ್ತೂದು ಆಗೂದಿಲ್ಲ.”

ಸೋಮವಾರದ ಪತ್ರಿಕೆಯಲ್ಲಿ ಮೂಲೆಯೊಂದರಲ್ಲಿ ಮೂರು ಸಾಲು ಬಂತು. ಬರೆದವನು ನಾನೇ: ‘ಹಿಂದಿನ ತಿದ್ದುಪಡಿಯನ್ನು ಹಿಂಪಡೆಯಲಾಗಿದೆ. ಚಿತ್ರ ಸ್ಪಷ್ಟವಾಗಿಯೇ ಇತ್ತು. ಮಸುಕಾಗಿದ್ದವರು ನಮ್ಮ ಜಮಖಂಡಿ ವರದಿಗಾರರು.’