ಶನಿಯ ಉಂಗುರಕ್ಕೊಂದು ಕುರ್ಚಿ

ಎಲ್ಲ ರಗಳೆಗೂ ಮೂಲ ಭೂಗೋಳದ ಮೇಷ್ಟ್ರು ಆಡಿದ ಒಂದು ಮಾತು. ತಿಂಗಳ ಕಟಿಂಗಿಗೆಂದು ಬಂದವರು, ಕುತ್ತಿಗೆಗೆ ಬಟ್ಟೆ ಸುತ್ತಿಸಿಕೊಳ್ಳುತ್ತಾ, "ಶನಿಯ ಉಂಗುರ ನೋಡಿದೀಯೇನಯ್ಯ?" ಎಂದು ಕೇಳಿದರು.

"ಶನಿ ನನ್ನನ್ನ ನೋಡಿದಾನೆ ಮೇಷ್ಟ್ರೇ, ನಾನು ಅವನನ್ನ ನೋಡಿಲ್ಲ" ಎಂದ ಕ್ಷೌರಿಕ.

"ಹಾಗಾದ್ರೆ ನನ್ನ ಟೆಲಿಸ್ಕೋಪ್ ಮೂರು ದಿನ ಇಟ್ಕೊ. ಮೂರನೇ ದಿನ ಸಂಜೆ ಎಂಟಕ್ಕೆ ಬಂದು ತಗೊಂಡು ಹೋಗ್ತೀನಿ. ಒಂದು ಮಾತು ನೆನಪಿರಲಿ. ನಿಂತು ನೋಡಿದ್ರೆ ಮೈ ಅಲ್ಲಾಡುತ್ತೆ, ಏನೂ ಕಾಣಲ್ಲ. ಆರಾಮಾಗಿ ಕೂತು ನೋಡ್ಬೇಕು. ಕೂರೋದೇ ಮುಖ್ಯ."

ಆ ಕೊನೆಯ ಮಾತು ಅವನ ಮನಸ್ಸಿಗೆ ನಾಟಿಬಿಟ್ಟಿತು. ಇಪ್ಪತ್ತಾರು ವರ್ಷದಿಂದ ನಿಂತೇ ಬದುಕಿದ ಮನುಷ್ಯ ಅವನು. ಅಂಗಡಿಯಲ್ಲಿದ್ದದ್ದು ಒಂದೇ ಕುರ್ಚಿ, ಅವನಪ್ಪನ ಕಾಲದ್ದು, ಅದರಲ್ಲಿ ಕೂರುವವರು ಯಾವಾಗಲೂ ಬೇರೆಯವರು. ಬೀದಿಯವರೆಲ್ಲ ಅವನನ್ನು ಕತ್ತರಿಯಣ್ಣ ಎಂದು ಕರೆಯುತ್ತಿದ್ದರೇ ಹೊರತು, ಬಾ ಕೂತ್ಕೊ ಎಂದು ಕರೆದವರು ಕಡಿಮೆ. ಬದುಕಿನಲ್ಲಿ ಒಂದೇ ಒಂದು ಸಲ, ಒಂದು ಒಳ್ಳೆಯ ವಸ್ತುವನ್ನು ತಾನು ಕೂತು ನೋಡಬೇಕು ಎಂದು ಅವನು ಅಂದೇ ನಿರ್ಧರಿಸಿದ.

ಮೊದಲನೆಯ ಸಂಜೆ ಕೂರುವುದನ್ನು ಮರೆತು ಆತುರಕ್ಕೆ ಬಗ್ಗಿ ನೋಡಿದ. ಬೆಳಕಿನ ಚುಕ್ಕೆಯೊಂದು ಸೊಳ್ಳೆಯ ಹಾಗೆ ಅತ್ತಿತ್ತ ಹಾರಾಡಿತು, ಸೊಂಟ ಹಿಡಿದುಕೊಂಡಿತು. ಎರಡನೆಯ ಸಂಜೆ ಮೋಡ. ಮೂರನೆಯ ದಿನ ಅಂಗಡಿಗೆ ವಾರದ ರಜೆ, ಆಕಾಶ ತೊಳೆದಿಟ್ಟಂತೆ ಶುಭ್ರ. ಬೆಳಿಗ್ಗೆ ಚಹಾ ಕುಡಿಯುತ್ತಲೇ ಅವನು ಹೆಂಡತಿಗೆ ಹೇಳಿದ: "ಇವತ್ತು ಏನೇ ಆಗ್ಲಿ, ಕೂತು ನೋಡ್ತೀನಿ."

"ನೋಡೋರಂತೆ. ಮೊದಲು ಆ ಬಲಗಾಲು ನಿಲ್ಸಿ. ಟೇಬಲ್ ನಡುಗ್ತಿದೆ, ಚಹಾ ಎಲ್ಲ ಚೆಲ್ತಿದೆ" ಎಂದಳು ಅವಳು. "ರಾತ್ರಿ ಮಲಗಿದ್ರೂ ಹಾಗೇ. ನನ್ನ ಮೊಣಕಾಲಿಗೆ ಎಷ್ಟು ಸಲ ಒದ್ದಿದೀರೋ ಲೆಕ್ಕ ಇಲ್ಲ."

"ಏನ್ ಮಾಡ್ಲಿ? ನಮ್ಮಪ್ಪನಿಗೂ ಹೀಗೇ ಇತ್ತು. ವಂಶದ್ದು" ಎಂದು ಅವನು ಕಾಲನ್ನು ಕೈಯಿಂದ ಒತ್ತಿ ಹಿಡಿದು, ಹಿತ್ತಲಿಗೆ ಹೊರಟ.

ಹಿತ್ತಲಲ್ಲಿ ಒಂದು ನಿಂಬೆ ಗಿಡ, ಬಟ್ಟೆ ಒಣಗಿಸುವ ತಂತಿ, ಪಡುವಣ ಗೋಡೆಯಾಚೆ ಪಕ್ಕದ ಬೀದಿಯ ಎತ್ತರದ ನೀರಿನ ಟ್ಯಾಂಕು. ಏಳು ಗಂಟೆಗೆ ಶನಿ ಟ್ಯಾಂಕಿನ ಮೇಲೆ ಕಾಣಿಸಿಕೊಂಡು, ಏಳೂಮುಕ್ಕಾಲಿಗೆ ಅದರ ಹಿಂದೆ ಇಳಿದುಹೋಗುತ್ತಾನೆಂದು ಮೇಷ್ಟ್ರು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಸಿಗುವುದು ಮುಕ್ಕಾಲು ಗಂಟೆ. ಟೆಲಿಸ್ಕೋಪಿನ ಮುಕ್ಕಾಲಿಯ ತಿರುಪುಗಳು ತುಕ್ಕು ಹಿಡಿದು, ಅದನ್ನು ಎತ್ತರಿಸುವಂತಿರಲಿಲ್ಲ, ತಗ್ಗಿಸುವಂತಿರಲಿಲ್ಲ. ನಿಂತರೆ ಬಗ್ಗಬೇಕು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರೆ ಹಣೆ ಮಾತ್ರ ಎಟುಕುತ್ತದೆ. ಕುರ್ಚಿಯ ಮೇಲೆ ದಿಂಬು ಇಟ್ಟ, ದಿಂಬಿನ ಮೇಲೆ ಇನ್ನೊಂದು ದಿಂಬು ಇಟ್ಟ. ಕಣ್ಣು ಸರಿಯಾಗಿ ಕೊಳವೆಗೆ ಬಂತು ಎನ್ನುವಷ್ಟರಲ್ಲಿ ಅವನಿಗೆ ಇನ್ನೊಂದು ಸತ್ಯ ಹೊಳೆಯಿತು. ಶನಿ ಕೆಳಗಿಳಿದಂತೆಲ್ಲ ಟೆಲಿಸ್ಕೋಪಿನ ಮೂತಿಯನ್ನು ತಗ್ಗಿಸಬೇಕು, ಮೂತಿ ತಗ್ಗಿದರೆ ಕಣ್ಣಿಡುವ ತುದಿ ಮೇಲೇಳುತ್ತದೆ. ಅಂದರೆ ಹತ್ತು ನಿಮಿಷಕ್ಕೊಂದು ದಿಂಬು ಬೇಕು. ಮನೆಯಲ್ಲಿ ಇದ್ದದ್ದೇ ನಾಲ್ಕು ದಿಂಬು.

ಮಹಡಿ ಮನೆಯ ಕಿಟಕಿಯಿಂದ ಇದನ್ನೆಲ್ಲ ನೋಡುತ್ತಿದ್ದ ನರ್ಸಕ್ಕ ಸುಮ್ಮನಿರುವ ಪೈಕಿಯವಳಲ್ಲ. ಆಸ್ಪತ್ರೆಯಲ್ಲಿ ಎಲುಬಿನ ವಾರ್ಡು ನೋಡಿಕೊಳ್ಳುವ ಅವಳಿಗೆ ಬಗ್ಗಿದ ಬೆನ್ನು ಕಂಡರೆ ತಡೆಯಲಾಗುತ್ತಿರಲಿಲ್ಲ.

"ಅಣ್ಣ, ಹಾಗೆಲ್ಲ ಕೂತ್ರೆ ನಾಳೆ ನಮ್ಮ ವಾರ್ಡಿಗೇ ಬರ್ತೀರ. ಇರಿ, ಬಂದೆ" ಎಂದವಳೇ ವ್ಯಾಯಾಮಕ್ಕೆ ಬಳಸುವ ದೊಡ್ಡ ನೀಲಿ ಚೆಂಡೊಂದನ್ನು ಮೆಟ್ಟಿಲ ಮೇಲಿಂದ ಉರುಳಿಸಿಕೊಂಡು ಬಂದಳು. "ಇದರ ಮೇಲೆ ಕೂತ್ಕೊಳ್ಳಿ. ಬೆನ್ನುಮೂಳೆ ತಾನಾಗೇ ನೆಟ್ಟಗಾಗುತ್ತೆ. ಬೇಕಾದಷ್ಟು ಗಾಳಿ ಹಾಕಿದ್ರೆ ಬೇಕಾದಷ್ಟು ಎತ್ತರ."

ಕತ್ತರಿಯಣ್ಣ ಕೂತ. ಬೆನ್ನುಮೂಳೆ ನಿಜಕ್ಕೂ ನೆಟ್ಟಗಾಯಿತು. ಆದರೆ ವಂಶದ ಬಲಗಾಲು ತನ್ನ ಕೆಲಸ ಶುರು ಮಾಡಿತು, ಚೆಂಡು ಕುಣಿಯತೊಡಗಿತು, ಚೆಂಡಿನೊಡನೆ ಅವನೂ ಕುಣಿದ. ಒಂದು ಕುಣಿತ ಹೆಚ್ಚಾಗಿ ಚೆಂಡು ಹಿತ್ತಲಿನುದ್ದಕ್ಕೂ ಉರುಳಿ ನಿಂಬೆ ಗಿಡಕ್ಕೆ ಹೋಗಿ ಒರಗಿತು. ನಿಂಬೆ ಗಿಡಕ್ಕೆ ಮುಳ್ಳಿರುತ್ತದೆ ಎಂಬುದು ಆ ಕ್ಷಣದವರೆಗೆ ಯಾರಿಗೂ ನೆನಪಿರಲಿಲ್ಲ. ಢಮ್ ಎಂಬ ಸದ್ದಿಗೆ ಪಕ್ಕದ ಮನೆಯ ಬಸ್ ಡ್ರೈವರು ಮಧ್ಯಾಹ್ನದ ನಿದ್ದೆಯಿಂದೆದ್ದು, "ಯಾವ ಟೈರು?" ಎನ್ನುತ್ತಾ ಗೋಡೆ ಹತ್ತಿ ಇಣುಕಿದ.

ವಿಷಯ ತಿಳಿದು ಅವನು ಹಗುರವಾಗಿ ನಕ್ಕ. "ಇಷ್ಟೇ ತಾನೇ? ಕೂರೋ ವಿಷಯ ನನ್ನನ್ನ ಕೇಳು. ದಿನಕ್ಕೆ ಎಂಟು ಗಂಟೆ ಕೂರ್ತೀನಿ, ಸಂಬಳ ಕೊಡೋದೇ ಅದಕ್ಕೆ." ಗುಜರಿಗೆ ಹೋದ ಬಸ್ಸಿನಿಂದ ಬಿಚ್ಚಿಟ್ಟುಕೊಂಡಿದ್ದ ಡ್ರೈವರ್ ಸೀಟೊಂದು ಅವನ ಶೆಡ್ಡಿನಲ್ಲಿತ್ತು. ಇಬ್ಬರೂ ಸೇರಿ ಅದನ್ನು ತಂದು, ತಗ್ಗಾಯಿತೆಂದು ಇಟ್ಟಿಗೆ ಜೋಡಿಸಿ, ಇಟ್ಟಿಗೆಯ ಮೇಲೆ ಹಲಗೆ ಇಟ್ಟು, ಹಲಗೆಯ ಮೇಲೆ ಸೀಟು ಏರಿಸಿದರು. ಕತ್ತರಿಯಣ್ಣ ಅದರ ಮೇಲೆ ರಾಜಗಾಂಭೀರ್ಯದಿಂದ ಕೂತು ಮುಂದಕ್ಕೆ ಬಾಗಿದ. ಇಟ್ಟಿಗೆಗಳು ಹಿಂದಕ್ಕೆ ಹೋದವು. ಬೀಳುವಾಗ ಕೈಗೆ ಸಿಕ್ಕಿದ್ದು ಬಟ್ಟೆಯ ತಂತಿ. ಅವನೂ ತಂತಿಯೂ ಅದರ ಮೇಲಿದ್ದ ಹೆಂಡತಿಯ ಎರಡು ಸೀರೆಗಳೂ ಒಂದೇ ಗಂಟಾಗಿ ನೆಲ ಸೇರಿದವು.

ಸದ್ದಿಗೆ ಹೊರಬಂದ ಹೆಂಡತಿ ಸೀರೆಗಳನ್ನು ನೋಡಿದಳು, ಗಂಡನನ್ನು ನೋಡಿದಳು. "ದಿನಾ ಬೆಳಗಾದ್ರೆ ಜನರನ್ನ ಮೇಲೆ ಕೆಳಗೆ ಮಾಡೋ ಕುರ್ಚಿ ಅಂಗಡೀಲಿ ಇಟ್ಕೊಂಡು, ಇಲ್ಲಿ ನನ್ನ ಸೀರೆ ಮೇಲೆ ಬೀಳ್ತೀರಲ್ರೀ!"

ನೆಲದ ಮೇಲೇ ಕೂತಿದ್ದ ಕತ್ತರಿಯಣ್ಣನ ಕಣ್ಣು ಅರಳಿತು. ಹೌದಲ್ಲ! ಪೆಡಲು ಒತ್ತಿದರೆ ಏರುತ್ತದೆ, ಹಿಡಿಕೆ ಎಳೆದರೆ ಇಳಿಯುತ್ತದೆ, ತಲೆಗೆ ಒರಗು, ಕೈಗೆ ಒರಗು, ಕಾಲಿಗೆ ಮೆಟ್ಟಿಲು. ಶನಿಗೆಂದೇ ಮಾಡಿದ ಕುರ್ಚಿ. ಇಷ್ಟು ವರ್ಷ ಅದನ್ನು ಬೇರೆಯವರ ಕುರ್ಚಿ ಎಂದುಕೊಂಡಿದ್ದರಿಂದ ಅವನಿಗೆ ಆ ಯೋಚನೆಯೇ ಬಂದಿರಲಿಲ್ಲ.

ನಾಲ್ಕು ಗಂಟೆಗೆ ಅವನೂ ಡ್ರೈವರೂ ತಳ್ಳುಗಾಡಿಯೊಂದನ್ನು ಎರವಲು ತಂದು ಅಂಗಡಿಗೆ ಹೋದರು. ನೆಲಕ್ಕೆ ಬಿಗಿದಿದ್ದ ಬೋಲ್ಟುಗಳನ್ನು ಬಿಚ್ಚುವಷ್ಟರಲ್ಲಿ ಇಬ್ಬರ ಅಂಗಿಯೂ ಒದ್ದೆ. ಕುರ್ಚಿಯನ್ನು ಗಾಡಿಗೆ ಏರಿಸಿ ಬೀದಿಯಲ್ಲಿ ತಳ್ಳಿಕೊಂಡು ಬರುತ್ತಿದ್ದರೆ ಅಂಗಡಿ ಅಂಗಡಿಯಿಂದಲೂ ಒಂದೊಂದು ತಲೆ ಹೊರಬಂತು. ಕ್ಷೌರದ ಕುರ್ಚಿ ಬೀದಿಗೆ ಬಂದರೆ ಜನ ಏನು ತಿಳಿಯಬೇಕು? ಅಂಗಡಿ ಮುಚ್ಚಿತು ಎಂದು ಒಬ್ಬ, ಇನ್ನು ಮೇಲೆ ಮನೆಯಲ್ಲೇ ಕಟಿಂಗಂತೆ ಎಂದು ಇನ್ನೊಬ್ಬ. ಗಾಡಿ ಮನೆ ತಲುಪುವ ಮೊದಲೇ ಸುದ್ದಿ ಪೋಸ್ಟಾಫೀಸು ತಲುಪಿತು.

ಕತ್ತಲಾಗುವ ಹೊತ್ತಿಗೆ ಹಿತ್ತಲಲ್ಲಿ ಎಲ್ಲವೂ ಸಿದ್ಧ. ಸರಿಯಾಗಿ ಏಳಕ್ಕೆ ಟ್ಯಾಂಕಿನ ಮೇಲೆ ಒಂದು ಹಳದಿ ಚುಕ್ಕೆ ಹೊಳೆಯಿತು. ಕತ್ತರಿಯಣ್ಣ ಕೈ ಒರೆಸಿಕೊಂಡು, ಪೆಡಲು ನಾಲ್ಕು ಸಲ ಒತ್ತಿ ಎತ್ತರ ಹೊಂದಿಸಿ, ಮೊಟ್ಟಮೊದಲ ಬಾರಿಗೆ ತನ್ನ ಕುರ್ಚಿಯಲ್ಲಿ ತಾನು ಕೂತ. ಆಹಾ! ಇಷ್ಟು ಸುಖ ಇದೆಯೆಂದು ಗೊತ್ತಿದ್ದರೆ ಗಿರಾಕಿಗಳನ್ನು ಅಷ್ಟು ಬೇಗ ಎಬ್ಬಿಸುತ್ತಿರಲಿಲ್ಲವೇನೋ. ಕೊಳವೆಗೆ ಕಣ್ಣಿಟ್ಟ. ಚುಕ್ಕೆ ಬಂತು, ಇನ್ನೇನು ದುಂಡಗಾಗಬೇಕು, ಅಷ್ಟರಲ್ಲಿ ಕೊಳವೆ ಮೆಲ್ಲಗೆ ಹುಬ್ಬಿಗೇರಿತು, ಹುಬ್ಬಿನಿಂದ ಹಣೆಗೇರಿತು.

"ಟೆಲಿಸ್ಕೋಪ್ ಮೇಲೆ ಹೋಗ್ತಿದೆ!" ಎಂದು ಕೂಗಿದ.

"ಟೆಲಿಸ್ಕೋಪ್ ಅಲ್ಲ ಅಣ್ಣ, ನೀವು ಕೆಳಗೆ ಹೋಗ್ತಿದೀರ" ಎಂದಳು ನರ್ಸಕ್ಕ.

ಕುರ್ಚಿ ಇಳಿಯುತ್ತಿತ್ತು, ಸದ್ದಿಲ್ಲದೆ, ಸಂಕೋಚವಿಲ್ಲದೆ. ಅವನು ಎದ್ದು ಹಿಂದೆ ಬಂದು ಪೆಡಲೊತ್ತಿ ಏರಿಸಿ ಮತ್ತೆ ಕೂತ. ಮತ್ತೆ ಇಳಿಯಿತು. "ಇಪ್ಪತ್ತಾರು ವರ್ಷದಲ್ಲಿ ಒಂದು ದಿನ ಹೀಗೆ ಮಾಡಿಲ್ಲ ಇದು! ನಮ್ಮಪ್ಪನ ಕಾಲದಲ್ಲೂ ಮಾಡಿಲ್ಲ!"

ಹೆಂಡತಿ ಅವನನ್ನೇ ದಿಟ್ಟಿಸಿ ನೋಡುತ್ತಿದ್ದಳು. ನಿಧಾನವಾಗಿ ಅವಳ ಕೈ ಬಾಯಿಗೆ ಹೋಯಿತು. "ರೀ, ನಿಮ್ಮ ಕಾಲು!"

ಕೂತಿದ್ದ ಕತ್ತರಿಯಣ್ಣನ ಬಲಗಾಲು ಗಾಳಿಯಲ್ಲಿ, ಇಲ್ಲದ ಪೆಡಲನ್ನು ಒತ್ತುತ್ತಿತ್ತು. ಟೇಬಲ್ ನಡುಗಿಸಿದ, ಹೆಂಡತಿಯ ಮೊಣಕಾಲಿಗೆ ಒದ್ದ, ಅದೇ ತಾಳದಲ್ಲಿ. ಕುರ್ಚಿಯ ಪಂಪು ಅವನಪ್ಪನ ಕಾಲದಿಂದಲೂ ಸೋರುತ್ತಿತ್ತು, ಅಪ್ಪನೂ ಮಗನೂ ಕತ್ತರಿ ಆಡಿಸುತ್ತಾ ತಮಗೇ ತಿಳಿಯದಂತೆ ಒತ್ತುತ್ತಾ ಬಂದಿದ್ದರು. ಗಿರಾಕಿಗಳಿಗೂ ತಿಳಿದಿರಲಿಲ್ಲ. ವಂಶದ ಕಾಯಿಲೆ ಇದ್ದದ್ದು ಕುರ್ಚಿಗೆ.

"ಅಷ್ಟೇ ತಾನೇ, ನಾನು ಒತ್ತೀನಿ" ಎಂದು ಡ್ರೈವರು ಬ್ರೇಕು ತುಳಿಯುವಂತೆ ತುಳಿದ. ಕತ್ತರಿಯಣ್ಣ ಚಂಗನೆ ಮೇಲೆದ್ದು ಹುಬ್ಬನ್ನು ಕೊಳವೆಗೆ ಕುಟ್ಟಿಕೊಂಡ. ನರ್ಸಕ್ಕ ರೋಗಿಯ ಮೇಲಿನ ಕರುಣೆಯಿಂದ ಒತ್ತಿದಳು, ಅವನು ಕೆಳಗಿಳಿಯುತ್ತಲೇ ಇದ್ದ. ಹೆಂಡತಿ ಒತ್ತಿದಳು, ಸೀರೆಯ ಸಿಟ್ಟು ಇನ್ನೂ ಇದ್ದುದರಿಂದ ತಾಳ ತಪ್ಪಿತು. ಏಳೂಕಾಲಾಯಿತು.

"ನಿಂತೇ ಒಂದು ಸಲ ನೋಡಿಬಿಡೋ ಮಾರಾಯ" ಎಂದ ಡ್ರೈವರು.

"ಆಗಲ್ಲ. ಇಪ್ಪತ್ತಾರು ವರ್ಷ ನಿಂತಿದ್ದು ಸಾಲದಾ? ಕೂತೇ ನೋಡೋದು. ಯಾರಾದ್ರೂ ಕೂತ್ಕೊಳ್ಳಿ, ಹೇಗೆ ಒತ್ತೋದು ಅಂತ ತೋರಿಸ್ತೀನಿ. ಕಲಿತ್ಕೊಂಡು ಆಮೇಲೆ ನನಗೆ ಒತ್ತಿ."

ನರ್ಸಕ್ಕ ಕೂತಳು. ಕತ್ತರಿಯಣ್ಣ ಹಿಂದೆ ನಿಂತ. ಕಾಲು ತನ್ನ ಪಾಡಿಗೆ ಕೆಲಸ ಹಿಡಿಯಿತು, ಕುರ್ಚಿ ಕಲ್ಲಿನಂತೆ ನಿಂತಿತು. "ಅಯ್ಯಯ್ಯೋ!" ಎಂದು ಅವಳು ಕಿರುಚಿದಳು. "ಉಂಗುರ! ನಿಜವಾಗ್ಲೂ ಉಂಗುರ ಇದೆ!" ಡ್ರೈವರು ಅವಳನ್ನು ಎಬ್ಬಿಸಿ ತಾನು ಕೂತ, ಹಾರನ್ ಹೊಡೆಯಲು ಮರೆತವನಂತೆ ಬಾಯಿ ತೆರೆದುಕೊಂಡೇ ಇದ್ದ. ಆಮೇಲೆ ಹೆಂಡತಿ ಕೂತಳು. ಅವಳು ಕಿರುಚಲಿಲ್ಲ. ಕೊಳವೆಯಿಂದ ಕಣ್ಣು ತೆಗೆಯದೆ, "ಎಷ್ಟು ಚಿಕ್ಕದಾಗಿ, ಎಷ್ಟು ಚೆನ್ನಾಗಿದೆ ರೀ" ಎಂದಳು. ಮದುವೆಯಾದ ಮೇಲೆ ತಾನು ಅವಳಿಗೆ ತೋರಿಸಿದ ಒಳ್ಳೆಯ ವಸ್ತು ಇದೊಂದೇ ಎಂದು ಕತ್ತರಿಯಣ್ಣನಿಗೆ ಅನ್ನಿಸಿತು. ಅವಳನ್ನು ಎಬ್ಬಿಸಲು ಮನಸ್ಸು ಬರಲಿಲ್ಲ, ಒತ್ತುತ್ತಲೇ ಇದ್ದ.

ಅವಳು ಎದ್ದದ್ದೇ ತಡ, ಹಿತ್ತಲ ಬಾಗಿಲಿನಿಂದ ಟವೆಲ್ ಹೊದ್ದು ಬಂದ ಪೋಸ್ಟ್‌ಮಾಸ್ಟರು ಸೀದಾ ಕುರ್ಚಿಗೆ ಬಂದು ಕೂತರು. "ಮನೇಲೇ ಶುರು ಮಾಡಿದೆಯಂತೆ, ಒಳ್ಳೇದಾಯ್ತು. ನಾಳೆ ಬೆಳಿಗ್ಗೆ ನನ್ನ ನಿವೃತ್ತಿ ಫೋಟೋ. ಹಿಂದೆ ಸಣ್ಣಗೆ, ಮೇಲೆ ಸ್ವಲ್ಪ. ಇದೇನು, ಕನ್ನಡಿ ಬದಲು ಕೊಳವೆ?" ಎಂದು ಕಣ್ಣಿಟ್ಟವರು ಮತ್ತೆ ತೆಗೆಯಲಿಲ್ಲ.

"ಸಾರ್, ನನ್ನ ಸರದಿ..." ಎಂದ ಕತ್ತರಿಯಣ್ಣ. ಆದರೆ ಎದುರಿಗೆ ಟವೆಲ್ ಹೊದ್ದ ಕುತ್ತಿಗೆ, ಕೆಳಗೆ ಪೆಡಲು. ಅಂಗಿಯ ಜೇಬಿನಿಂದ ಬಾಚಣಿಗೆ, ಕತ್ತರಿ ಯಾವಾಗ ಕೈಗೆ ಬಂದವೋ ಅವನಿಗೇ ಗೊತ್ತಾಗಲಿಲ್ಲ. ಎಡಭಾಗ ಮುಗಿದಾಗ ಅವನಿಗೆ ಎಚ್ಚರವಾಯಿತು.

"ಏಳಿ ಸಾರ್!" ಎಂದು ಜನ್ಮದಲ್ಲಿ ಮೊದಲ ಸಲ ಅರ್ಧ ತಲೆಯ ಗಿರಾಕಿಯನ್ನು ಎಬ್ಬಿಸಿ, ತಾನು ಹಾರಿ ಕೂತ. "ಒತ್ತೇ!" ಎಂದ. ಹೆಂಡತಿ ಹಲ್ಲು ಕಚ್ಚಿ ಒತ್ತಿದಳು. ಒಮ್ಮೆ ಏರಿದ, ಒಮ್ಮೆ ಇಳಿದ, ಮತ್ತೆ ಏರುವಾಗ ಕಣ್ಣೂ ಕೊಳವೆಯೂ ಸಂಧಿಸಿದವು. ಕಂಡದ್ದು ಬೀದಿ ದೀಪದ ಬೆಳಕಿನಲ್ಲಿ, ತಲೆಕೆಳಗಾಗಿ, ಬಹಳ ಸ್ಪಷ್ಟವಾಗಿ, ನೀರಿನ ಟ್ಯಾಂಕಿನ ಒಂದು ಬೋಲ್ಟು.

"ನನ್ನಿಂದಾಗಲ್ಲ ರೀ" ಎಂದು ಹೆಂಡತಿ ಪೆಡಲು ಬಿಟ್ಟಳು. "ಇದು ನಿಮ್ಮ ವಂಶಕ್ಕೇ ಸರಿ." ಅವನು ಕುರ್ಚಿಯ ಜೊತೆ ಮೆಲ್ಲಗೆ ಕೆಳಗಿಳಿದ.

ಎಂಟಕ್ಕೆ ಸರಿಯಾಗಿ ಮೇಷ್ಟ್ರು ಬಂದರು. "ನೋಡಿದ್ಯೇನಯ್ಯ?"

"ಎಲ್ಲರೂ ನೋಡಿದ್ರು ಮೇಷ್ಟ್ರೇ."

"ಹೇಗಿತ್ತು?" ಎಂದು ಮೇಷ್ಟ್ರು ನರ್ಸಕ್ಕನನ್ನು, ಡ್ರೈವರನನ್ನು, ಅರ್ಧ ತಲೆಯ ಪೋಸ್ಟ್‌ಮಾಸ್ಟರನ್ನು ಒಬ್ಬೊಬ್ಬರನ್ನಾಗಿ ಕೇಳಿದರು. ಕೇಳುವ ಆತುರ ನೋಡಿ ಡ್ರೈವರಿಗೆ ಅನುಮಾನ ಬಂತು. "ನಿಮಗೆ ಗೊತ್ತಿಲ್ವಾ ಮೇಷ್ಟ್ರೇ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ನಾನೆಲ್ಲಿ ನೋಡಿದೀನಿ? ಪುಸ್ತಕದ ಚಿತ್ರ ನೋಡಿದ್ದು. ಇದನ್ನ ತಂದು ಹದಿನೆಂಟು ವರ್ಷ ಆಯ್ತು. ಕೂರೋಕೆ ಸರಿಯಾದ ಕುರ್ಚಿ ಸಿಗಲೇ ಇಲ್ಲ. ಇವನಾದ್ರೂ ಕಂಡುಹಿಡೀತಾನೇನೋ ಅಂತ ಕೊಟ್ಟೆ."

ಹಾಗೆನ್ನುತ್ತಾ ಅವರು ಕುರ್ಚಿಯನ್ನು ಒಂದು ಸುತ್ತು ಬಂದರು, ಕೈ ಒರಗು ಮುಟ್ಟಿದರು, ಕತ್ತರಿಯಣ್ಣ ಎದ್ದು ಕೊಟ್ಟ ಜಾಗದಲ್ಲಿ ಕೂತು ನಿಟ್ಟುಸಿರು ಬಿಟ್ಟರು. "ಕತ್ತರಿ, ಟೆಲಿಸ್ಕೋಪ್ ಇನ್ನು ವಾಪಸ್ ಬೇಡ. ನಿನಗೇ ಕೊಟ್ಟೆ. ಇಲ್ಲೇ ಇರಲಿ."

ಕತ್ತರಿಯಣ್ಣನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಟೆಲಿಸ್ಕೋಪು ಅವನದು! ನಾಳೆ, ನಾಡಿದ್ದು, ವರ್ಷವಿಡೀ ಶನಿ ಅವನವನು!

"ನಾಳೆಯಿಂದ ದಿನಾ ಸಂಜೆ ಏಳಕ್ಕೆ ನಾನೇ ಇಲ್ಲಿಗೆ ಬರ್ತೀನಿ" ಎಂದರು ಮೇಷ್ಟ್ರು.

"ನಾನು ಏಳೂಕಾಲಿಗೆ" ಎಂದ ಡ್ರೈವರು.

"ಏಳೂವರೆ ನನಗಿರಲಿ, ಡ್ಯೂಟಿ ಮುಗಿಸಿ ಬರ್ತೀನಿ" ಎಂದಳು ನರ್ಸಕ್ಕ.

"ಮೊದಲು ನನ್ನ ಬಲಭಾಗ" ಎಂದರು ಪೋಸ್ಟ್‌ಮಾಸ್ಟರು.

ಮೇಷ್ಟ್ರು ಆಗಲೇ ಟೆಲಿಸ್ಕೋಪನ್ನು ಚಂದ್ರನತ್ತ ತಿರುಗಿಸಿ ಕಣ್ಣಿಟ್ಟಿದ್ದರು. "ಏನಯ್ಯ, ಕುರ್ಚಿ ಸ್ವಲ್ಪ ಇಳಿದ ಹಾಗಾಯ್ತಲ್ಲ..." ಎಂದವರು, ಮರುಕ್ಷಣವೇ, "ಇಲ್ಲ ಇಲ್ಲ, ಈಗ ಸರಿಯಾಗಿದೆ" ಎಂದರು.

ಕತ್ತರಿಯಣ್ಣ ಬಗ್ಗಿ ನೋಡಿದ. ಅವನ ಬಲಗಾಲು ಆಗಲೇ ಪೆಡಲಿನ ಮೇಲಿತ್ತು.