ಗೋಡೆ ಗಡಿಯಾರ ನಿಂತಿರುವಾಗ ಗಾಯದ ಪರಿಹಾರ ಕೇಳುವ ಕಾಲಮಿತಿ

ಸಂಖ್ಯೆ: ಗಾಪವಿ/ಕಾಮಿ/7
ದಿನಾಂಕ: ಗಡಿಯಾರ ದುರಸ್ತಿಯಾದ ನಂತರ ನಮೂದಿಸಲಾಗುವುದು

ವಿಷಯ: ದೈಹಿಕ ಗಾಯದ ಪರಿಹಾರಕ್ಕೆ ಅರ್ಜಿ ಸಲ್ಲಿಸುವ ಅವಧಿಯ ಬಗ್ಗೆ.
ಉಲ್ಲೇಖ: ಗಡಿಯಾರ ರಿಪೇರಿಯವರ ಪತ್ನಿ ಕೌಂಟರಿನಲ್ಲಿ ಏರುದನಿಯಲ್ಲಿ ಆಡಿದ ಮಾತು.

ಮೇಲ್ಕಂಡ ವಿಷಯದಲ್ಲಿ ಸಿಬ್ಬಂದಿ ತಲೆಗೊಂದು ಮಾತಾಡಿ ಇಲಾಖೆಯ ಮರ್ಯಾದೆ ಕಳೆಯುತ್ತಿರುವುದರಿಂದ, ಈ ಕೆಳಗಿನಂತೆ ಸ್ಪಷ್ಟಪಡಿಸಲಾಗಿದೆ:

1. ಗಾಯವಾದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸತಕ್ಕದ್ದು. ಆಮೇಲೂ ನೋವು ಮುಂದುವರಿದರೆ ಅದನ್ನು ನೋವಿನ ಅಶಿಸ್ತೆಂದು ಪರಿಗಣಿಸಲಾಗುವುದು.

2. ಸ್ವೀಕೃತಿಯ ವೇಳೆಯನ್ನು ಶಾಖೆಯ ಗೋಡೆ ಗಡಿಯಾರ ನೋಡಿಯೇ ಬರೆಯತಕ್ಕದ್ದು. ಅರ್ಜಿದಾರರ ಕೈಗಡಿಯಾರ, ಮೊಬೈಲು, ಕಿಟಕಿಯಾಚೆಯ ಸೂರ್ಯ ಇವುಗಳಿಗೆ ಮಾನ್ಯತೆ ಇರುವುದಿಲ್ಲ.

3. ಕಳೆದ ವರ್ಷ, ನಿಧಾನವಾಗಿ ಓಡುತ್ತಿದ್ದ ಸದರಿ ಗಡಿಯಾರವನ್ನು ಸರಿಪಡಿಸಲು ಕರೆಸಲಾಗಿದ್ದ ರಿಪೇರಿಯವರು ಶಾಖೆಯ ಸ್ಟೂಲು ಹತ್ತಿದ್ದು, ಅದರ ಕುಂಟುಕಾಲಿಗೆ ಒತ್ತಾಗಿ ಕೊಟ್ಟಿದ್ದ ಹಳೆಯ ಪರಿಹಾರ ಕಡತ ಜಾರಿ, ಅವರ ಬಲಗೈ ಮುರಿದಿರುತ್ತದೆ. ಅದೇ ಕ್ಷಣ ಗಡಿಯಾರವೂ ನಿಂತಿರುತ್ತದೆ. ಕಡತಕ್ಕೆ ಯಾವುದೇ ಹಾನಿಯಾಗಿಲ್ಲವೆಂದು ತಿಳಿಸಲು ಹರ್ಷಿಸಲಾಗಿದೆ.

4. ಆದ್ದರಿಂದ ಅವರ ಅರ್ಜಿಯನ್ನು ಇಂದು ಸ್ವೀಕರಿಸಿದರೂ, ಕೈ ಮುರಿದ ಕ್ಷಣದಲ್ಲೇ ಸ್ವೀಕರಿಸಿದಂತೆ ನಮೂದಾಗುತ್ತದೆ. ಬೀಳುತ್ತಿರುವ ಮನುಷ್ಯ ಅರ್ಜಿ ಬರೆಯುವುದು ಅಸಂಭವವಾದ ಕಾರಣ, ಅಂತಹ ಅರ್ಜಿಯನ್ನು ನಕಲಿಯೆಂದು ಭಾವಿಸಿ ಹಿಂದಿರುಗಿಸತಕ್ಕದ್ದು.

5. ಗಡಿಯಾರ ನಿಂತಿರುವುದರಿಂದ ಕಾಲಮಿತಿಯೂ ನಿಂತಿದೆಯೆಂದು ಯಾರೂ ಹಿಗ್ಗಬಾರದು. ಸ್ವೀಕರಿಸುವುದಕ್ಕೆ ಮಾತ್ರ ಗಡಿಯಾರ ನಿಂತಿದೆ. ತಿರಸ್ಕರಿಸುವುದಕ್ಕೆ ಅದು ಓಡುತ್ತಲೇ ಇದೆ.

6. "ಬಿದ್ದದ್ದು ನಿಮ್ಮ ಸ್ಟೂಲಿಂದ, ನಿಂತದ್ದು ನಿಮ್ಮ ಗಡಿಯಾರ. ಸ್ಕ್ರೂಡ್ರೈವರ್ ಹಿಡಿಯೋಕಾಗದೆ ನಮ್ಮ ಯಜಮಾನ್ರು ಅಂಗಡಿ ಬಾಗಿಲು ಹಾಕ್ಕೊಂಡು ಕೂತಿದಾರೆ. ಇದರಲ್ಲಿ ನಮ್ಮ ತಪ್ಪೇನ್ರೀ ಸ್ವಾಮಿ?" ಎಂಬ ಪತ್ನಿಯ ಪ್ರಶ್ನೆಯನ್ನು ಕಾನೂನು ಅಭಿಪ್ರಾಯಕ್ಕೆ ಕಳುಹಿಸಲಾಗಿದೆ. ಅವಧಿ ಮುಗಿದ ಕೂಡಲೇ, ಒಂದು ಗಳಿಗೆಯೂ ತಡಮಾಡದೆ, ಉತ್ತರಿಸಲಾಗುವುದು.

7. ಅವರ ಒಂದು ವರ್ಷದ ಅವಧಿ ಇದೇ ಶನಿವಾರ ಮುಗಿಯಲಿದ್ದು, ಅಷ್ಟರೊಳಗೆ ಗಡಿಯಾರ ಓಡಿದಲ್ಲಿ ಅರ್ಜಿಯನ್ನು ಸ್ವೀಕರಿಸಲು ಇಲಾಖೆ ತುದಿಗಾಲಲ್ಲಿ ನಿಂತಿದೆ. ಆದರೆ ಗಡಿಯಾರ ಮುಟ್ಟಲು ಇಲಾಖೆಯಿಂದ ಪರವಾನಗಿ ಪಡೆದಿರುವ ಏಕೈಕ ವ್ಯಕ್ತಿ ಅರ್ಜಿದಾರರೇ ಆಗಿರುತ್ತಾರೆ.

ಸಹಿ/-
(ಊಟಕ್ಕೆ ಹೋಗಿರುವ) ಅಧೀಕ್ಷಕರ ಪರವಾಗಿ
ಗಾಯ ಪರಿಹಾರ ವಿಭಾಗ

ಪ್ರತಿಗಳು:
1. ಕೌಂಟರ್ ಗುಮಾಸ್ತರಿಗೆ: ಮುಖದ ಮೇಲೆ ಕನಿಕರ ಕಾಣಿಸದಂತೆ ಪಾಲಿಸಲು.
2. ಕಡತ ವಿಭಾಗಕ್ಕೆ: ಜಾರಿದ ಕಡತವನ್ನು ಸ್ವಸ್ಥಾನದಲ್ಲಿ ಇರಿಸಿದ ಬಗ್ಗೆ ಮೆಚ್ಚುಗೆಯೊಂದಿಗೆ.
3. ಗಡಿಯಾರ ರಿಪೇರಿಯವರಿಗೆ: ಕೂಡಲೇ ಬಂದು ಗಡಿಯಾರ ಸರಿಪಡಿಸಿಕೊಡಲು. ಸ್ಟೂಲು ಅದೇ ಇದೆ.